ವರದಿಯಲ್ಲಿ ‘ಆರ್’, ಆದರೂ ಅದೇ ಹನಿ: ಇಪ್ಪತ್ತು ವರ್ಷ ಸೋರಿದ ಒಂದು ಕಿವಿಯ ಪ್ರಕರಣ

ರೋಗಿ 28 ವರ್ಷದ ಮಹಿಳೆ. ಎಂಟನೇ ವಯಸ್ಸಿನಿಂದ ಬಲಗಿವಿ ಸೋರುತ್ತಿದೆ. ನೋವಿಲ್ಲ, ಜ್ವರವಿಲ್ಲ. ನೆಗಡಿಯಾದರೆ, ಇಲ್ಲವೇ ತಲೆ ತೊಳೆಯುವಾಗ ನೀರು ಒಳಗೆ ಹೋದರೆ ಸೋರಿಕೆ ಜಾಸ್ತಿಯಾಗುತ್ತದೆ. ಕೆಲವೊಮ್ಮೆ ಎರಡು ಮೂರು ತಿಂಗಳು ಒಣಗಿರುತ್ತದೆ, ಆಮೇಲೆ ಮತ್ತೆ ಶುರು. ಈ ಸಲ ಶುರುವಾಗಿ ಹತ್ತು ವಾರವಾದರೂ ನಿಂತಿರಲಿಲ್ಲ. ಫೋನನ್ನು ಯಾವಾಗಲೂ ಎಡಗಿವಿಗೇ ಹಿಡಿಯುತ್ತಾರೆ. ಬಲಗಿವಿಗೆ ಮಾತು ಮಂಕಾಗಿ ಕೇಳುವುದು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ವಿಚಾರಿಸುವವರೆಗೂ ಅದನ್ನು ಹೇಳಲೇ ಇಲ್ಲ. ಗುರುತು ಸಿಗಬಾರದೆಂದು ಅವರ ಬಗೆಗಿನ ಉಳಿದ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ.

ನಾನು ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ರೋಗಿಯ ಮುಖಕ್ಕಿಂತ ರೋಗಿಯ ಕೀವನ್ನೇ ಹೆಚ್ಚು ನೋಡುತ್ತೇನೆ. ಈ ಪ್ರಕರಣವನ್ನು ಬರೆಯಲು ಕಾರಣ ಒಂದೇ. ಕೀವಿನ ಜೀವಿಯನ್ನು ಬೆಳೆಸಿ ಔಷಧಿಗಳಿಗೆ ಒಡ್ಡಿ ನೋಡುವ ಕಲ್ಚರ್ ಪರೀಕ್ಷೆಯ ವರದಿಯಲ್ಲಿ ‘ಎಸ್’ ಎಂದರೆ ಜೀವಿ ಆ ಔಷಧಿಗೆ ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ. ಈ ಎರಡು ಅಕ್ಷರಗಳನ್ನು ಕಿವಿಯ ಮಟ್ಟಿಗೆ ಬಹಳ ಜನ ತಪ್ಪಾಗಿ ಓದುತ್ತಾರೆ. ರೋಗಿಗಳಷ್ಟೇ ಅಲ್ಲ, ವೈದ್ಯರೂ ಕೂಡ. ಆ ತಪ್ಪು ಓದಿನಿಂದ ಬೇಡದ ಇಂಜೆಕ್ಷನ್‌ಗಳು ಹೋಗುತ್ತವೆ, ಬೇಕಾದ ಕೆಲಸ ಮಾತ್ರ ಹಾಗೇ ಉಳಿಯುತ್ತದೆ.

ಹಳೆಯ ಚೀಟಿಗಳು

ಕಿವಿಯ ತಮಟೆಯ (ಕಿವಿ ನಾಳದ ಕೊನೆಯ ತೆಳು ಪರದೆ) ತೂತಿನ ಮೂಲಕ ಎರಡು ವಾರಕ್ಕಿಂತ ಹೆಚ್ಚು ಕಾಲ ಕೀವು ಸೋರಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ನಡುಗಿವಿ ಸೋಂಕು ಎಂದು ಕರೆಯುತ್ತದೆ. ಕಿವಿ ತಜ್ಞರಲ್ಲಿ ಅನೇಕರು ಇನ್ನೂ ಹೆಚ್ಚು ದಿನ ಕಾದು ಹಾಗೆ ಹೇಳುತ್ತಾರೆ. ಈ ರೋಗಿಯ ವಿಷಯದಲ್ಲಿ ಆ ಚರ್ಚೆಯೇ ಬೇಡ, ಇಪ್ಪತ್ತು ವರ್ಷ ಆಗಿತ್ತಲ್ಲ.

ಅವರು ತಂದಿದ್ದ ಹಳೆಯ ಚೀಟಿಗಳಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮತ್ತೆ ಮತ್ತೆ ಬಂದಿತ್ತು. ಸೆಫಿಕ್ಸಿಮ್ ಇತ್ತು, ಅಜಿತ್ರೊಮೈಸಿನ್ ಇತ್ತು. ನಡುನಡುವೆ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗಳೂ ಇದ್ದವು. ಹೆಚ್ಚಿನವು ಐದು ದಿನದ ಕೋರ್ಸ್. ಕಿವಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಸ್ವಚ್ಛ ಮಾಡಿದ ದಾಖಲೆ ಒಂದರಲ್ಲೂ ಇರಲಿಲ್ಲ.

ಈ ಔಷಧಿಗಳನ್ನು ಬರೆದವರ ಲೆಕ್ಕ ಎಲ್ಲಿಂದ ಬಂತು ಎಂದು ಊಹಿಸಬಹುದು. ಮಕ್ಕಳಿಗೆ ದಿಢೀರನೆ ಬರುವ, ನೋವು ಜ್ವರದ ಕಿವಿ ಸೋಂಕಿಗೆ ಕಾರಣ ನ್ಯುಮೋಕಾಕಸ್, ಹೀಮೋಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲಾ. ಇವು ಮೂಗಿನ ಹಿಂಭಾಗದಿಂದ ಯೂಸ್ಟೇಶಿಯನ್ ನಾಳದ ಮೂಲಕ ಮೇಲೇರುತ್ತವೆ. ಅವಕ್ಕೆ ಅಮಾಕ್ಸಿಸಿಲಿನ್ ಗುಂಪು ಸರಿಯಾದ ಆಯ್ಕೆ. ಆದರೆ ತಮಟೆಯಲ್ಲಿ ತೂತು ಬಿದ್ದು ವರ್ಷಗಟ್ಟಲೆ ಸೋರುವ ಕಿವಿಯಲ್ಲಿ ಬೇರೆಯೇ ಜೀವಿಗಳು ಮನೆ ಮಾಡುತ್ತವೆ. ಅವು ಹೆಚ್ಚಾಗಿ ಹೊರಗಿನಿಂದ, ನೀರಿನ ಜೊತೆ, ಕಿವಿ ನಾಳದ ಚರ್ಮದಿಂದ ಒಳಗೆ ಬರುತ್ತವೆ. ಜಗತ್ತಿನ ಎಲ್ಲ ಕಡೆಯ ವರದಿಗಳಲ್ಲಿ ಮುಂದೆ ನಿಲ್ಲುವ ಹೆಸರು ಎರಡು: ಸ್ಯೂಡೋಮೊನಾಸ್ ಏರುಜಿನೋಸಾ ಮತ್ತು ಸ್ಟಫೈಲೋಕಾಕಸ್ ಆರಿಯಸ್. ಎಲ್ಲೋ ಮೊದಲನೆಯದು ಮೇಲೆ, ಎಲ್ಲೋ ಎರಡನೆಯದು. ಅವುಗಳ ಹಿಂದೆ ಪ್ರೋಟಿಯಸ್, ಕ್ಲೆಬ್ಸಿಯೆಲ್ಲಾ, ಇ. ಕೋಲೈ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು, ಮತ್ತೆ ಶಿಲೀಂಧ್ರಗಳು.

ಸ್ಯೂಡೋಮೊನಾಸ್‌ಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೊಟ್ಟರೆ ಏನೂ ಆಗುವುದಿಲ್ಲ. ಇದು ಆಮೇಲೆ ಬೆಳೆದ ಪ್ರತಿರೋಧ ಅಲ್ಲ, ಹುಟ್ಟುಗುಣ. ಅದರ ಹೊರಪೊರೆಯಲ್ಲಿ ಔಷಧಿ ನುಸುಳುವ ದಾರಿಗಳು ತೀರಾ ಇಕ್ಕಟ್ಟು. ನುಸುಳಿದ್ದನ್ನು ಹೊರಗೆ ತಳ್ಳುವ ಪಂಪುಗಳಿವೆ. ಅದರ ಮೇಲೆ ಆಂಪ್‌ಸಿ ಎಂಬ ಕಿಣ್ವ ಇದೆ, ಅದು ಈ ಗುಂಪಿನ ಔಷಧಿಯನ್ನು ಮುರಿಯುತ್ತದೆ, ಕ್ಲಾವುಲನೇಟ್‌ಗೆ ಅದನ್ನು ತಡೆಯಲು ಆಗುವುದಿಲ್ಲ. ಸೆಫಿಕ್ಸಿಮ್ ಕತೆಯೂ ಇದೇ. ಹಾಗಾದರೆ ಆ ಐದು ದಿನದ ಕೋರ್ಸ್‌ಗಳ ನಂತರ ಕೆಲವು ಸಲ ಕಿವಿ ಒಣಗಿದ್ದು ಹೇಗೆ? ನೆಗಡಿ ಇಳಿದಾಗ ಸೋರಿಕೆಯೂ ತಾನಾಗಿ ಇಳಿಯುತ್ತದೆ. ಹೆಸರು ಮಾತ್ರೆಗೆ ಬರುತ್ತದೆ.

ಮೊದಲ ಸ್ವಾಬ್

ನಮ್ಮಲ್ಲಿಗೆ ಬರುವ ಮೊದಲು ಬೇರೊಂದು ಕಡೆ ಕಿವಿ ಸ್ವಾಬ್ ಕಲ್ಚರ್ ಆಗಿತ್ತು. ಉತ್ತರ: ‘ಕೋಯಾಗ್ಯುಲೇಸ್ ನೆಗೆಟಿವ್ ಸ್ಟಫೈಲೋಕಾಕಸ್ ಬೆಳೆದಿದೆ’. ಕೆಳಗೆ ಹದಿನೈದು ಔಷಧಿಗಳ ಪಟ್ಟಿ, ಒಂದೊಂದರ ಮುಂದೆ ಎಸ್ ಅಥವಾ ಆರ್. ಅದರಲ್ಲಿ ಎಸ್ ಇದ್ದ ಒಂದನ್ನು ಆರಿಸಿ ಹತ್ತು ದಿನ ಕೊಟ್ಟಿದ್ದರು. ಫಲ ಸಿಗಲಿಲ್ಲ.

ಆ ವರದಿಯಲ್ಲಿ ನನಗೆ ಮೊದಲು ಕಂಡದ್ದು, ಅದರಲ್ಲಿ ಇಲ್ಲದ ಒಂದು ಸಾಲು. ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಏನು ಕಂಡಿತು ಎಂದು ಬರೆದೇ ಇರಲಿಲ್ಲ. ಕೀವಿನ ಕಣಗಳು ಇದ್ದವೇ? ಅಥವಾ ಬರೀ ಚರ್ಮದ ಕೋಶಗಳೇ? ಇದು ಗೊತ್ತಿಲ್ಲದೆ ಸ್ವಾಬ್ ನಡುಗಿವಿಯಿಂದ ಬಂತೋ, ಕಿವಿ ನಾಳದ ಗೋಡೆಯಿಂದ ಬಂತೋ ಹೇಳಲಾಗದು. ಕೋಯಾಗ್ಯುಲೇಸ್ ನೆಗೆಟಿವ್ ಸ್ಟಫೈಲೋಕಾಕಸ್ ಎಲ್ಲರ ಚರ್ಮದ ಮೇಲೂ ಇರುತ್ತದೆ. ನನ್ನ, ನಿಮ್ಮ ಕಿವಿ ನಾಳದಲ್ಲೂ ಇದೆ. ಡಿಫ್ತೀರಾಯ್ಡ್ ಎಂದು ಕರೆಯುವ ಇನ್ನೊಂದು ಗುಂಪೂ ಅಲ್ಲೇ ವಾಸ. ಸುಮ್ನೆ ಹತ್ತಿ ಕಡ್ಡಿಯನ್ನು ಕಿವಿಯೊಳಗೆ ತಿರುಗಿಸಿ ತೆಗೆದರೆ ಮೊದಲು ಸಿಗುವುದು ಇವೇ.

ಇಂಥ ಜೀವಿಗೆ ಔಷಧಿ ಪಟ್ಟಿ ಹಾಕಿ ಕಳಿಸುವುದು ನನ್ನ ಪ್ರಕಾರ ಪ್ರಯೋಗಾಲಯ ಮಾಡಬಾರದ ಕೆಲಸ. ಪಟ್ಟಿ ಇದ್ದರೆ ಯಾರಾದರೂ ಅದರಿಂದ ಔಷಧಿ ಬರೆಯುತ್ತಾರೆ. ಅದು ಸಹಜ. ಬರೆಯುವವರನ್ನು ದೂರುವುದಕ್ಕಿಂತ ಪಟ್ಟಿ ಕಳಿಸದೆ ಇರುವುದು ಒಳ್ಳೆಯದು.

ಎರಡನೇ ಸ್ವಾಬ್

ನಮ್ಮ ಕಿವಿ-ಮೂಗು-ಗಂಟಲು ವೈದ್ಯೆ ಮೊದಲು ಎಲ್ಲ ಆಂಟಿಬಯಾಟಿಕ್‌ಗಳನ್ನೂ ನಿಲ್ಲಿಸಿದರು. ಕೆಲವು ದಿನ ಬಿಟ್ಟು ಮತ್ತೆ ಕರೆಸಿದರು. ಸೂಕ್ಷ್ಮದರ್ಶಕದ ಕೆಳಗೆ ಕಿವಿ ನಾಳದಲ್ಲಿದ್ದ ಹಳೆಯ ಕೀವನ್ನೂ ಸಿಪ್ಪೆಯನ್ನೂ ಸಕ್ಷನ್‌ನಿಂದ ತೆಗೆದರು. ಆಗ ತಮಟೆ ಪೂರ್ತಿ ಕಂಡಿತು. ನಡುಭಾಗದಲ್ಲಿ ಮೂತ್ರಪಿಂಡದ ಆಕಾರದ ತೂತು, ಅದರೊಳಗೆ ಊದಿಕೊಂಡ ಗುಲಾಬಿ ಒಳಪೊರೆ, ಆ ಪೊರೆಯಿಂದ ಹೊಸದಾಗಿ ಒಸರುತ್ತಿದ್ದ ಕೀವು. ತೆಳುವಾದ ಸ್ವಾಬನ್ನು ಗೋಡೆಗೆ ತಾಗಿಸದೆ ತೂತಿನ ಬಾಯಿಗೇ ಹಿಡಿದು ಎರಡು ಮಾದರಿ ತೆಗೆದರು. ಒಂದು ಗಾಜಿನ ಪಟ್ಟಿಗೆ, ಇನ್ನೊಂದು ಕಲ್ಚರ್‌ಗೆ.

ಅಲ್ಲೇ ಇನ್ನೊಂದು ಮುಖ್ಯ ಪ್ರಶ್ನೆಯೂ ತೀರಿತು. ತಮಟೆಯ ಮೇಲ್ಭಾಗ, ಅಂದರೆ ಆಟಿಕ್, ಶುದ್ಧವಾಗಿತ್ತು. ಒಳಕ್ಕೆ ಎಳೆದುಕೊಂಡ ಗುಳಿ ಇಲ್ಲ, ಬಿಳಿ ಸಿಪ್ಪೆಯ ರಾಶಿ ಇಲ್ಲ. ಇದ್ದಿದ್ದರೆ ಅದು ಕೊಲೆಸ್ಟಿಯಟೋಮಾ. ಅದು ಬೇರೆಯೇ ರೋಗ. ಚರ್ಮ ಒಳಗೆ ಸೇರಿಕೊಂಡು ಬೆಳೆಯುತ್ತಾ ಕಿವಿಯ ಪುಟ್ಟ ಮೂಳೆಗಳನ್ನು, ಮುಖದ ನರದ ಮೇಲಿನ ಮೂಳೆ ಹೊದಿಕೆಯನ್ನು, ಕೊನೆಗೆ ಮಿದುಳಿನ ಕಡೆಗಿನ ಗೋಡೆಯನ್ನೂ ಕೊರೆಯುತ್ತದೆ. ಯಾವ ಆಂಟಿಬಯಾಟಿಕ್ ಕೊಟ್ಟರೂ ಅದು ಹೋಗುವುದಿಲ್ಲ, ಶಸ್ತ್ರಚಿಕಿತ್ಸೆಯೇ ಬೇಕು. ಕೆಟ್ಟ ವಾಸನೆಯ, ಸ್ವಲ್ಪವೇ ಆದರೂ ನಿಲ್ಲದ ಸೋರಿಕೆ ಇದ್ದರೆ ಮೊದಲು ಇದನ್ನೇ ಹುಡುಕಬೇಕು. ಕಲ್ಚರ್ ಆಮೇಲೆ.

ಶ್ರುತಿಕವೆಯ ಪರೀಕ್ಷೆಯಲ್ಲಿ ಬಲಗಿವಿಗೆ ಶಬ್ದ ಸಾಗುವುದರಲ್ಲಿ ತೊಡಕು ಎಂದು ಕಂಡಿತು. ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆಯ ಪ್ರಕಾರ ಕೇಳುವ ಮಟ್ಟ 38 ಡೆಸಿಬೆಲ್ (ಈ ಸಂಖ್ಯೆ ಹೆಚ್ಚಾದಷ್ಟೂ ಕಿವಿ ಮಂದ). ಒಳಗಿವಿ ಚೆನ್ನಾಗಿತ್ತು.

ತಟ್ಟೆಯಲ್ಲಿ ಕಂಡದ್ದು

ಗ್ರಾಂ ಬಣ್ಣದಲ್ಲಿ ಕೀವಿನ ಕಣಗಳು ತುಂಬಿದ್ದವು. ಚರ್ಮದ ಕೋಶ ಎಲ್ಲೋ ಒಂದೊಂದು. ನಡುವೆ ತೆಳ್ಳಗಿನ ಕೆಂಪು ಕಡ್ಡಿಗಳು, ಅಂದರೆ ಗ್ರಾಂ ನೆಗೆಟಿವ್. ಮಾದರಿ ಸರಿಯಾದ ಜಾಗದಿಂದಲೇ ಬಂದಿದೆ ಎಂದು ಆಗಲೇ ಗೊತ್ತಾಯಿತು.

ಮಾರನೇ ದಿನ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದಾಗಲೇ ಹಣ್ಣಿನಂಥ ಸಿಹಿ ವಾಸನೆ. ರಕ್ತ ಬೆರೆಸಿದ ಅಗರ್ (ಜೀವಿ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ತಟ್ಟೆಯಲ್ಲಿ ಚಪ್ಪಟೆಯಾದ, ಅಂಚು ಹರಿದಂತಿರುವ ಬೂದು ಬಣ್ಣದ ಕಾಲೊನಿಗಳು, ಬೆಳಕಿಗೆ ಹಿಡಿದರೆ ಲೋಹದ ಹೊಳಪು. ಬಣ್ಣವಿಲ್ಲದ ಅಗರ್ ತಟ್ಟೆಯಲ್ಲಿ ಕಾಲೊನಿಯ ಸುತ್ತ ಮಾಧ್ಯಮವೇ ನೀಲಿ-ಹಸಿರಾಗಿತ್ತು. ಆ ಬಣ್ಣ ಪಯೋಸಯನಿನ್. ಗಾಯದ ಬ್ಯಾಂಡೇಜುಗಳು ನೀಲಿ-ಹಸಿರಾಗುವುದಕ್ಕೆ ಈ ಜೀವಿಯೇ ಕಾರಣ ಎಂದು ಫ್ರಾನ್ಸಿನ ಕಾರ್ಲ್ ಗೆಸಾರ್ 1882ರಲ್ಲೇ ತೋರಿಸಿದ್ದರು. ಆಕ್ಸಿಡೇಸ್ ಕಾಗದಕ್ಕೆ ಒಂದು ಕಾಲೊನಿ ಸವರಿದೆ, ಕೆಲವೇ ಸೆಕೆಂಡಿನಲ್ಲಿ ಗಾಢ ನೇರಳೆ. ಸ್ಯೂಡೋಮೊನಾಸ್ ಏರುಜಿನೋಸಾ. ಪಕ್ಕದಲ್ಲಿ ನಾಲ್ಕೈದು ಕಾಲೊನಿ ಚರ್ಮದ ಸ್ಟಫೈಲೋಕಾಕಸ್ ಕೂಡ ಇತ್ತು. ಅದನ್ನು ‘ಚರ್ಮದ ಸಾಮಾನ್ಯ ಜೀವಿ’ ಎಂದಷ್ಟೇ ಬರೆದೆ, ಔಷಧಿ ಪರೀಕ್ಷೆ ಮಾಡಲಿಲ್ಲ.

ಔಷಧಿ ಪರೀಕ್ಷೆಗೆ ಕರ್ಬಿ-ಬಾಯರ್ ವಿಧಾನ. 1966ರಲ್ಲಿ ಪ್ರಕಟವಾದ ಈ ಪದ್ಧತಿ ಈಗಲೂ ಸಾವಿರಾರು ಪ್ರಯೋಗಾಲಯಗಳ ದಿನದ ಕೆಲಸ. ಬ್ಯಾಕ್ಟೀರಿಯಾವನ್ನು ನಿಗದಿತ ಮಬ್ಬಿಗೆ ಕಲಕಿ, ಮ್ಯುಲರ್-ಹಿಂಟನ್ ಅಗರ್ ಮೇಲೆ ಸಮನಾಗಿ ಸವರಿ, ಔಷಧಿಯ ಪುಟ್ಟ ಕಾಗದ ಬಿಲ್ಲೆಗಳನ್ನು ಇಟ್ಟು, 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬಿಡುತ್ತೇವೆ. ಬಿಲ್ಲೆಯ ಸುತ್ತ ಜೀವಿ ಬೆಳೆಯದ ವೃತ್ತದ ವ್ಯಾಸ ಅಳೆಯುತ್ತೇವೆ. ಅಗರ್ 4 ಮಿ.ಮೀ. ದಪ್ಪವೇ ಇರಬೇಕು. ತೆಳುವಾದರೆ ವೃತ್ತ ಸುಳ್ಳೇ ದೊಡ್ಡದಾಗುತ್ತದೆ, ನಿರೋಧಕ ಜೀವಿಯೂ ಎಸ್ ಎಂದು ಹೊರಗೆ ಹೋಗುತ್ತದೆ.

ಸೆಫ್ಟಾಜಿಡಿಮ್ 23 ಮಿ.ಮೀ., ಎಸ್. ಪಿಪೆರಾಸಿಲಿನ್-ಟಾಜೊಬ್ಯಾಕ್ಟಂ, ಮೆರೊಪೆನೆಮ್, ಟೊಬ್ರಾಮೈಸಿನ್ ಎಲ್ಲವೂ ಎಸ್. ಸಿಪ್ರೊಫ್ಲಾಕ್ಸಾಸಿನ್ ವೃತ್ತ ಮಾತ್ರ 17 ಮಿ.ಮೀ. ನಾವು ಬಳಸುವ ಸಿಎಲ್‌ಎಸ್‌ಐ (ಪ್ರಯೋಗಾಲಯಗಳಿಗೆ ಇಂಥ ಅಳತೆ ನಿಗದಿ ಮಾಡುವ ಅಮೆರಿಕದ ಸಂಸ್ಥೆ) ಮಾನದಂಡದಲ್ಲಿ ಸ್ಯೂಡೋಮೊನಾಸ್‌ಗೆ 25 ಅಥವಾ ಹೆಚ್ಚು ಇದ್ದರೆ ಎಸ್, 18 ಅಥವಾ ಕಡಿಮೆ ಇದ್ದರೆ ಆರ್. ಹಾಗಾಗಿ ಆರ್. ಆ ಹಳೆಯ ಸಿಪ್ರೊ ಮಾತ್ರೆಗಳ ಗುರುತು ಇರಬಹುದು. ಊದಿಕೊಂಡ ಒಳಪೊರೆಗೆ ಬಾಯಿಯಿಂದ ಕೊಟ್ಟ ಔಷಧಿ ಅಷ್ಟಿಷ್ಟೇ ತಲುಪುತ್ತದೆ. ಸಾಯಿಸಲು ಸಾಲದ, ಆದರೆ ತಡೆದುಕೊಳ್ಳಬಲ್ಲವನ್ನು ಆರಿಸಿ ಬೆಳೆಸಲು ಸಾಕಾಗುವ ಪ್ರಮಾಣ ಅದು.

ಜೆಂಟಾಮೈಸಿನ್ ಯಾಕೆ ಹಾಕಲಿಲ್ಲ ಎಂದು ಕೇಳುವವರಿದ್ದಾರೆ. ಸ್ಯೂಡೋಮೊನಾಸ್‌ಗೆ ಜೆಂಟಾಮೈಸಿನ್‌ನ ಅಳತೆಯನ್ನೇ ಸಿಎಲ್‌ಎಸ್‌ಐ 2023ರಲ್ಲಿ ತೆಗೆದುಹಾಕಿತು. ಅದೂ ಅಲ್ಲದೆ ಈ ಗುಂಪಿನ ಔಷಧಿಗಳು ಒಳಗಿವಿಯ ರೋಮಕೋಶಗಳನ್ನು ಕೊಲ್ಲಬಲ್ಲವು, ಅವು ಮತ್ತೆ ಹುಟ್ಟುವುದಿಲ್ಲ. ತಮಟೆ ತೂತಾದ ಕಿವಿಗೆ ಜೆಂಟಾಮೈಸಿನ್ ಅಥವಾ ನಿಯೋಮೈಸಿನ್ ಹನಿ ಹಾಕುವ ಮೊದಲು ಎರಡು ಸಲ ಯೋಚಿಸಬೇಕು. ಮೈಟೊಕಾಂಡ್ರಿಯಾದ ವಂಶವಾಹಿಯಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಇರುವ ಕುಟುಂಬಗಳಲ್ಲಿ ಈ ಗುಂಪಿನ ಔಷಧಿ ಸ್ವಲ್ಪ ಹೋದರೂ ಕಿವುಡುತನ ಬರಬಹುದು.

ಫೋನಿನಲ್ಲಿ ನಡೆದ ಮಾತು

ವರದಿ ಸಿದ್ಧವಾದಾಗ ವೈದ್ಯೆಗೆ ಫೋನ್ ಮಾಡಿದೆ.

“ಮೇಡಂ, ಸ್ಯೂಡೋಮೊನಾಸ್ ಬಂದಿದೆ. ಸಿಪ್ರೊ ಆರ್.”

“ಅಯ್ಯೋ. ನಾನು ಸಿಪ್ರೊ ಹನಿಯೇ ಶುರು ಮಾಡೋಣ ಅಂತಿದ್ದೆ. ಹಾಗಾದ್ರೆ ಅಡ್ಮಿಟ್ ಮಾಡಿ ಸೆಫ್ಟಾಜಿಡಿಮ್ ಇಂಜೆಕ್ಷನ್ ಕೊಡಬೇಕಾ?”

“ಒಂದು ನಿಮಿಷ ಮೇಡಂ. ಈ ಆರ್ ಇರೋದು ಮಾತ್ರೆಗೆ. ಹನಿಗೆ ಅಲ್ಲ.”

ಇಡೀ ಪ್ರಕರಣದ ತಿರುಳು ಇದೇ. 17 ಮಿ.ಮೀ. ಎಂದರೆ ಆರ್ ಎಂದು ತೀರ್ಮಾನಿಸಿದವರು, ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟಾಗ ರಕ್ತದಲ್ಲಿ ಔಷಧಿ ಎಷ್ಟು ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿದ್ದಾರೆ. ಸಿಪ್ರೊಫ್ಲಾಕ್ಸಾಸಿನ್‌ಗೆ ಆ ಗಡಿ ಒಂದು ಮಿಲಿಲೀಟರ್‌ಗೆ 2 ಮೈಕ್ರೊಗ್ರಾಂ. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬೇಕೆಂದರೆ ಜೀವಿ ನಿರೋಧಕ. ನಮ್ಮ ಜೀವಿಯನ್ನು ಔಷಧಿ ಲೇಪಿಸಿದ ಪಟ್ಟಿಯಿಂದ ಅಳೆದಾಗ ಅದನ್ನು ತಡೆಯಲು 4 ಮೈಕ್ರೊಗ್ರಾಂ ಬೇಕಾಯಿತು. ರಕ್ತದ ಲೆಕ್ಕದಲ್ಲಿ ಇದು ಸೋಲು. ಆದರೆ 0.3 ಶೇಕಡಾ ಸಿಪ್ರೊ ಕಿವಿ ಹನಿಯಲ್ಲಿ ಒಂದು ಮಿಲಿಲೀಟರ್‌ಗೆ 3000 ಮೈಕ್ರೊಗ್ರಾಂ ಇದೆ. ಅಂದರೆ ಬೇಕಾದದ್ದರ 750 ಪಟ್ಟು. ಕೀವಿನಲ್ಲಿ ಕರಗಿ, ಅರ್ಧ ಹೊರಗೆ ಹರಿದು ಹೋದರೂ ಉಳಿಯುವುದು ಸಾಕಷ್ಟಾಯಿತು, ಅಲ್ವಾ?

ಆದರೆ ಒಂದು ಷರತ್ತು ಇದೆ. ಹನಿ ಒಳಪೊರೆಯನ್ನು ಮುಟ್ಟಬೇಕು. ಸ್ಯೂಡೋಮೊನಾಸ್ ಒಂಟಿಯಾಗಿ ತೇಲಾಡುವುದು ಕಡಿಮೆ. ಒದ್ದೆ ಬಂಡೆಗೆ ಹಿಡಿದ ಪಾಚಿಯಂತೆ ಒಳಪೊರೆಗೆ ಅಂಟಿಕೊಂಡು, ತಾನೇ ಸುರಿಸಿದ ಲೋಳೆಯೊಳಗೆ ಗುಂಪಾಗಿ ಕೂರುತ್ತದೆ. ಬಯೋಫಿಲ್ಮ್ ಎನ್ನುವುದು ಇದಕ್ಕೇ. ಅದರ ಆಳದಲ್ಲಿ ಕೆಲವು ಕೋಶಗಳು ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತವೆ. ಔಷಧಿ ಕೆಲಸ ಮಾಡುವುದು ಬೆಳೆಯುವ ಕೋಶಗಳ ಮೇಲೆ, ಹಾಗಾಗಿ ಇವು ಉಳಿದುಕೊಳ್ಳುತ್ತವೆ. ತಟ್ಟೆಯ ಮೇಲಿನ ಪರೀಕ್ಷೆ ಇದನ್ನು ತೋರಿಸುವುದಿಲ್ಲ. ಅಲ್ಲಿ ಎಸ್ ಬಂದ ಔಷಧಿಯೂ ಕಿವಿಯಲ್ಲಿ ಸೋಲುವುದಕ್ಕೆ ಇದೊಂದು ಕಾರಣ. ಈ ಲೋಳೆಯನ್ನೂ ಕೀವನ್ನೂ ಕೈಯಿಂದಲೇ ತೆಗೆಯಬೇಕು. ಸಕ್ಷನ್, ಒಣ ಹತ್ತಿಯ ಬತ್ತಿ, ಮತ್ತೆ ಸಕ್ಷನ್. ಹೆಸರು ಬರದ, ಸಮಯ ಹಿಡಿಯುವ ಕೆಲಸ ಇದು. ಯಾವ ಆಂಟಿಬಯಾಟಿಕ್ ಎಂಬ ಚರ್ಚೆಗಿಂತ ಹೆಚ್ಚು ಕಿವಿಗಳನ್ನು ಒಣಗಿಸಿರುವುದು ಇದೇ ಎಂದು ನಾನು ನಂಬುತ್ತೇನೆ.

ಇಂಜೆಕ್ಷನ್ ಬೇಡವೇ ಬೇಡ ಎಂದಲ್ಲ. ಕಿವಿ ಹಿಂದಿನ ಮೂಳೆ ಊದಿದರೆ, ಮುಖ ಸೊಟ್ಟಗಾದರೆ, ತಲೆಸುತ್ತು, ಜ್ವರ, ವಿಪರೀತ ತಲೆನೋವು ಬಂದರೆ ಒಂದು ಗಂಟೆಯೂ ಕಾಯಬಾರದು. ಆಗ ಆ ಸೆಫ್ಟಾಜಿಡಿಮ್ ಎಸ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಅದಕ್ಕೇ ಅದನ್ನು ಉಳಿಸಿಕೊಳ್ಳಬೇಕು. ಮೆರೊಪೆನೆಮ್ ಗುಂಪಿಗೂ ಬಗ್ಗದ ಸ್ಯೂಡೋಮೊನಾಸ್ ವಿಶ್ವ ಆರೋಗ್ಯ ಸಂಸ್ಥೆಯ ಆದ್ಯತೆಯ ರೋಗಾಣುಗಳ ಪಟ್ಟಿಯಲ್ಲಿ 2017ರಲ್ಲೂ ಇತ್ತು, 2024ರಲ್ಲೂ ಇದೆ. ಈ ರೋಗಿಯಲ್ಲಿ ಅಂಥ ಅಪಾಯದ ಲಕ್ಷಣ ಒಂದೂ ಇರಲಿಲ್ಲ.

ವೈದ್ಯೆ ಸ್ವಲ್ಪ ಹೊತ್ತು ಯೋಚಿಸಿದರು. “ಸರಿ, ಎರಡು ವಾರ ನೋಡೋಣ. ಒಣಗದಿದ್ದರೆ ಇಂಜೆಕ್ಷನ್” ಎಂದರು.

ಚಿಕಿತ್ಸೆ, ಮತ್ತೆ ಒಂದು ತೊಡಕು

ಒಂದು ದಿನ ಬಿಟ್ಟು ಒಂದು ದಿನ ಸೂಕ್ಷ್ಮದರ್ಶಕದ ಕೆಳಗೆ ಸಕ್ಷನ್. ದಿನಕ್ಕೆ ಎರಡು ಸಲ ಸಿಪ್ರೊ ಹನಿ. ಹನಿ ಹಾಕುವ ರೀತಿಯನ್ನು ವೈದ್ಯೆ ರೋಗಿಯ ಕೈಯಲ್ಲೇ ಮಾಡಿಸಿ ತೋರಿಸಿದರು. ಬಾಟಲಿಯನ್ನು ಮೊದಲು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು, ತಣ್ಣಗಿನ ಹನಿ ಬಿದ್ದರೆ ತಲೆ ಸುತ್ತುತ್ತದೆ. ಎಡಕ್ಕೆ ಮಲಗಿ ಬಲಗಿವಿ ಮೇಲೆ ಮಾಡಬೇಕು. ಹನಿ ಹಾಕಿ, ಕಿವಿ ಬಾಯಿಯ ಮುಂದಿರುವ ಪುಟ್ಟ ಮೃದ್ವಸ್ಥಿಯನ್ನು ಬೆರಳಿನಿಂದ ಕೆಲವು ಸಲ ಒಳಕ್ಕೆ ಒತ್ತಿ ಬಿಡಬೇಕು. ಆ ಒತ್ತಡಕ್ಕೆ ಔಷಧಿ ತೂತಿನ ಮೂಲಕ ಒಳಗೆ ಇಳಿಯುತ್ತದೆ. ಸರಿಯಾಗಿ ಮಾಡಿದರೆ ಗಂಟಲಲ್ಲಿ ಕಹಿ ಗೊತ್ತಾಗುತ್ತದೆ. “ಇಷ್ಟು ವರ್ಷ ಹನಿ ಹಾಕ್ತಿದ್ದೆ, ಒಂದು ಸಲವೂ ಕಹಿ ಆಗಿರಲಿಲ್ಲ ಡಾಕ್ಟ್ರೇ” ಎಂದರಂತೆ ರೋಗಿ. ಅಂದರೆ ಇಷ್ಟು ವರ್ಷ ಹನಿ ಕೀವಿನ ಮೇಲೇ ನಿಂತು ಹೊರಗೆ ಹರಿದಿತ್ತು. ಸ್ನಾನ ಮಾಡುವಾಗ ವ್ಯಾಸಲಿನ್ ಹಚ್ಚಿದ ಹತ್ತಿ ಇಡಲು ಹೇಳಿದರು. ಬಡ್ಸ್ ಪೂರ್ತಿ ಬಂದ್.

ವಾರ ಮುಗಿಯುವಾಗ ಕೀವು ತೆಳುವಾಯಿತು, ಹಸಿರು ಹೋಯಿತು. ಹದಿನಾಲ್ಕನೇ ದಿನ ಕಿವಿ ಒಣಗಿತ್ತು. ಒಳಪೊರೆ ಮಸುಕು ಬಣ್ಣಕ್ಕೆ ತಿರುಗಿತ್ತು. ಹನಿ ನಿಲ್ಲಿಸಿದರು.

ಮೂರನೇ ವಾರದ ಕೊನೆಗೆ ಅವರು ಮತ್ತೆ ಬಂದರು. ಈ ಸಲ ಸೋರಿಕೆ ಇಲ್ಲ, ವಿಪರೀತ ತುರಿಕೆ, ಕಿವಿ ಕಟ್ಟಿದಂತೆ. ವಿಚಾರಿಸಿದಾಗ, ಮತ್ತೆ ಸೋರೀತು ಎಂಬ ಭಯದಿಂದ ಬಾಟಲಿಯಲ್ಲಿ ಉಳಿದಿದ್ದ ಹನಿಯನ್ನು ಹಾಕುತ್ತಲೇ ಇದ್ದರು ಎಂದು ತಿಳಿಯಿತು. ಇಪ್ಪತ್ತು ವರ್ಷ ಅನುಭವಿಸಿದವರಿಗೆ ಆ ಭಯ ಬರುವುದು ಸಹಜ, ಬೈಯುವ ವಿಷಯ ಅಲ್ಲ. ಕಿವಿ ನಾಳದಲ್ಲಿ ಬೂದು ಬಣ್ಣದ ಒದ್ದೆ ಪದರ, ಅದರ ಮೇಲೆ ಕಪ್ಪು ಚುಕ್ಕಿಗಳು. ಸ್ವಲ್ಪ ತೆಗೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಇಟ್ಟು ನೋಡಿದೆ. ಕವಲೊಡೆದ ಎಳೆಗಳು, ತುದಿಯಲ್ಲಿ ದುಂಡನೆ ಕಪ್ಪು ತಲೆ. ಆಸ್ಪರ್ಜಿಲಸ್ ನೈಜರ್. ಬ್ಯಾಕ್ಟೀರಿಯಾ ಹೋದ ಜಾಗದಲ್ಲಿ, ತೇವ ಹಾಗೇ ಇದ್ದಾಗ, ಶಿಲೀಂಧ್ರ ಬರುವುದು ಕಿವಿಯಲ್ಲಿ ಅಪರೂಪವೇನಲ್ಲ. ಇದನ್ನು ಹಳೆಯ ಸೋಂಕೇ ಮರಳಿತು ಎಂದುಕೊಂಡು ಇನ್ನೊಂದು ಆಂಟಿಬಯಾಟಿಕ್ ಹಾಕಿದರೆ ಶಿಲೀಂಧ್ರ ಇನ್ನಷ್ಟು ಬೆಳೆಯುತ್ತದೆ. ಸಿಪ್ರೊ ಹನಿ ಪೂರ್ತಿ ನಿಲ್ಲಿಸಿ, ಸಕ್ಷನ್ ಮಾಡಿ, ಕ್ಲೋಟ್ರಿಮಜೋಲ್ ಕೊಟ್ಟರು. ಹತ್ತು ದಿನದಲ್ಲಿ ತುರಿಕೆ ಹೋಯಿತು.

ಆಮೇಲೆ

ಕಿವಿ ಮೂರು ತಿಂಗಳು ಒಣಗಿಯೇ ಇತ್ತು, ನಡುವೆ ಒಂದು ನೆಗಡಿ ಬಂದರೂ. ಆದರೆ ತೂತು ಇರುವವರೆಗೆ ನೀರಿಗೂ ಸ್ಯೂಡೋಮೊನಾಸ್‌ಗೂ ದಾರಿ ತೆರೆದೇ ಇರುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಮೂಳೆಗಳು ಸರಿಯಾಗಿದ್ದವು. ಕಿವಿ ಮೇಲ್ಭಾಗದ ಸ್ನಾಯುವಿನ ತೆಳು ಪೊರೆಯನ್ನು ತೆಗೆದು ತಮಟೆಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ಆಯಿತು. ತೇಪೆ ಹಿಡಿದುಕೊಂಡಿತು. ಆಮೇಲಿನ ಆಡಿಯೋಗ್ರಾಂನಲ್ಲಿ ಬಲಗಿವಿ 20 ಡೆಸಿಬೆಲ್‌ಗೆ ಬಂದಿತ್ತು.

ನಮ್ಮ ಪ್ರಯೋಗಾಲಯದ ಕಿವಿ ಸ್ವಾಬ್ ವರದಿಯಲ್ಲಿ ಈಗ ಔಷಧಿ ಪಟ್ಟಿಯ ಕೆಳಗೆ ಒಂದು ಸಾಲು ತಪ್ಪದೆ ಬರುತ್ತದೆ: ‘ಈ ಎಸ್ ಮತ್ತು ಆರ್ ಮಾತ್ರೆ ಹಾಗೂ ಇಂಜೆಕ್ಷನ್‌ಗೆ ಅನ್ವಯ. ಕಿವಿ ಹನಿಯ ಫಲವನ್ನು ಇದರಿಂದ ಅಳೆಯಬೇಡಿ.’ ಗ್ರಾಂ ಬಣ್ಣದಲ್ಲಿ ಏನು ಕಂಡಿತು ಎಂಬುದು ವರದಿಯ ಮೊದಲ ಸಾಲಿನಲ್ಲೇ ಇರುತ್ತದೆ. ಈ ರೋಗಿಯ ಕಡತದಲ್ಲಿ ವೈದ್ಯೆ ಇನ್ನೊಂದು ಮಾತು ಸೇರಿಸಿದ್ದಾರೆ. ಕಿವಿ ಮತ್ತೆ ಸೋರಿದರೆ ಯಾವ ಔಷಧಿಗೂ ಮೊದಲು ಸಕ್ಷನ್ ಮತ್ತು ಹೊಸ ಸ್ವಾಬ್ ಆಗಬೇಕು, ಹಳೆಯ ವರದಿ ನೋಡಿ ಔಷಧಿ ಬರೆಯಬಾರದು.